ಹಿತ್ತಲ ಬಾಗಿಲಿನಿಂದ ಬಂದ ಹಣ್ಣುಗಳು

ರಂಬುಟಾನ್, ಮ್ಯಾಂಗೊಸ್ಟೀನ್, ಬೆಣ್ಣೆಹಣ್ಣು, ಲಿಚ್ಚಿ ಮುಂತಾದ ಗಿಡಗಳನ್ನು ಮನೆಯ ಹಿತ್ತಲಲ್ಲಿ ನೆಡುವವರನ್ನು ಕಂಡರೆ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಹುಟ್ಟಿದ ಶೋಕಿ ಇದು ಎಂಬುದು ಒಂದು. ನಮ್ಮ ಮಣ್ಣಿನ ಹಣ್ಣುಗಳನ್ನು ಕಡೆಗಣಿಸಿ ಹೊರಗಿನದಕ್ಕೆ ಮರುಳಾಗುವ ಚಟ ಎಂಬುದು ಇನ್ನೊಂದು. ಎರಡನೆಯದರಲ್ಲಿ ಯೋಚಿಸಬೇಕಾದ ಸಂಗತಿಯಿದೆ, ಅದನ್ನು ಮುಂದೆ ಎತ್ತಿಕೊಳ್ಳುತ್ತೇನೆ. ಮೊದಲನೆಯದು ಮಾತ್ರ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ನಾವು ಇವತ್ತು ನಮ್ಮವೇ ಎಂದುಕೊಂಡು ತಿನ್ನುವ ಹಣ್ಣುಗಳಲ್ಲಿ ದೊಡ್ಡ ಪಾಲು ಒಂದಾನೊಂದು ಕಾಲಕ್ಕೆ ಹೀಗೆಯೇ ಅಪರೂಪದ ಗಿಡಗಳಾಗಿ ಬಂದು, ಯಾರದೋ ಬಚ್ಚಲ ನೀರು ಕುಡಿದು, ಯಾರದೋ ಬೇಲಿಯಾಚೆಗೆ ದಾಟಿ ಊರಿನದಾದವು. ಅರಮನೆಯ ತೋಟ, ಕಂಪನಿ ಕಾಲದ ಸಸ್ಯೋದ್ಯಾನ, ಆಮೇಲಿನ ತೋಟಗಾರಿಕೆ ಇಲಾಖೆ ಇವೆಲ್ಲ ಗಿಡಗಳನ್ನು ತರಿಸಿದ್ದು ನಿಜ. ಆದರೆ ತರಿಸಿದ ಗಿಡವನ್ನು ನಾಡಿನ ಗಿಡವನ್ನಾಗಿ ಮಾಡಿದ್ದು ಹಿತ್ತಲು. ಕರ್ನಾಟಕದ ಹಣ್ಣಿನ ಚರಿತ್ರೆಯನ್ನು ಈ ಕಡೆಯಿಂದ ಓದಿದರೆ ಮಾತ್ರ ಅದು ಪೂರ್ತಿ ಅರ್ಥವಾಗುತ್ತದೆ ಎಂಬುದು ನನ್ನ ವಾದ.

ಮೊದಲು, ಐನೂರು ವರ್ಷಗಳ ಹಿಂದಿನ ತೋಟ ಹೇಗಿತ್ತು ಎಂಬುದನ್ನು ನೋಡಬೇಕು. ಹಳಗನ್ನಡ ಕಾವ್ಯಗಳ ಉದ್ಯಾನವರ್ಣನೆಗಳಲ್ಲಿ ಮಾವು, ಹಲಸು, ನೇರಳೆ, ಬಾಳೆ, ದಾಳಿಂಬೆ, ಮಾದಲ, ದ್ರಾಕ್ಷಿ ಮತ್ತೆ ಮತ್ತೆ ಬರುತ್ತವೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ದೊಮಿಂಗೊ ಪಾಯೆಸ್ ಆ ನಗರದಲ್ಲಿ ಕಂಡ ಹಣ್ಣುಗಳನ್ನು ಹೇಳುವಾಗಲೂ ದ್ರಾಕ್ಷಿ, ಕಿತ್ತಳೆ, ನಿಂಬೆ, ದಾಳಿಂಬೆ, ಹಲಸು, ಮಾವುಗಳ ಹೆಸರು ಎತ್ತುತ್ತಾನೆ. ಪರಂಗಿ, ಸೀಬೆ, ಅನಾನಸು, ಸಪೋಟ, ಗೇರು ಈ ಯಾವ ಪಟ್ಟಿಯಲ್ಲೂ ಇಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಅವೆಲ್ಲ ಅಮೆರಿಕ ಖಂಡಗಳ ಸಸ್ಯಗಳು, ಆ ಖಂಡಗಳ ದಾರಿ ತೆರೆದು ಆಗಿನ್ನೂ ಮೂವತ್ತು ವರ್ಷವೂ ಆಗಿರಲಿಲ್ಲ. ಪಾಯೆಸ್‌ನ ಪಟ್ಟಿಯಲ್ಲಿರುವ ಹಣ್ಣುಗಳಾದರೂ ಎಲ್ಲವೂ ಇಲ್ಲಿ ಹುಟ್ಟಿದವಲ್ಲ. ದಾಳಿಂಬೆಯೂ ದ್ರಾಕ್ಷಿಯೂ ಪರ್ಷಿಯಾದ ಕಡೆಯಿಂದ ಬಂದವು. ಕಿತ್ತಳೆಯ ತವರು ಈಶಾನ್ಯ ಭಾರತದಿಂದ ದಕ್ಷಿಣ ಚೀನಾದವರೆಗಿನ ಸೀಮೆ. ನಮ್ಮ ಊರೂರಿನ ಗುಂಡುತೋಪುಗಳಲ್ಲಿ ನಿಂತಿರುವ ಹುಣಸೆಯ ಮೂಲವಂತೂ ಆಫ್ರಿಕ. ಹೊಸ ಬಗೆಯ ಫಲದ ಮೇಲಿನ ಆಸೆಗೂ ನಮ್ಮಲ್ಲಿ ಹಳೆಯ ಸಾಕ್ಷಿಯಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯ ಮೀಸಲಾಗಿದೆ. ಬೀಜ ಸಂಸ್ಕಾರ, ಗಿಡದ ರೋಗಕ್ಕೆ ಚಿಕಿತ್ಸೆ, ಗೊಬ್ಬರಗಳ ಜೊತೆಗೆ ಮರದಿಂದ ಸಹಜವಲ್ಲದ ಹೂಹಣ್ಣು ಪಡೆಯುವ ಪ್ರಯೋಗಗಳನ್ನೂ ಅಲ್ಲಿ ಹೇಳಿದೆ. ಆ ಪ್ರಯೋಗಗಳು ಫಲಿಸುತ್ತಿದ್ದವೋ ಇಲ್ಲವೋ ಬೇರೆ ಪ್ರಶ್ನೆ. ಸಾವಿರ ವರ್ಷಗಳ ಹಿಂದಿನ ಕನ್ನಡ ಓದುಗನಿಗೆ ಅದು ಬೇಕಾದ ವಿದ್ಯೆಯಾಗಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

1510ರಲ್ಲಿ ಗೋವ ಪೋರ್ಚುಗೀಸರ ಕೈಸೇರಿದ ಮೇಲೆ ಪಶ್ಚಿಮ ಕರಾವಳಿಯ ಹಣ್ಣಿನ ಚಿತ್ರ ಎರಡು ತಲೆಮಾರಿನೊಳಗೆ ಬದಲಾಯಿತು. ಈ ಬದಲಾವಣೆಯ ವೇಗವನ್ನು ಅಳೆಯುವುದಕ್ಕೆ ಮೂರು ಪುಸ್ತಕಗಳು ಸಾಕು. ಗೋವದಲ್ಲಿ ವೈದ್ಯನಾಗಿದ್ದ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲೇ ಅಚ್ಚು ಹಾಕಿಸಿದ ಗ್ರಂಥದಲ್ಲಿ ಮಾವು, ಹಲಸುಗಳ ಜೊತೆಗೆ ಧಾರೆಹುಳಿ ಇದೆ, ಮಲಕ್ಕಾದ ಕಡೆಯಿಂದ ಬಂದ ಪನ್ನೇರಳೆ ಇದೆ. ಗೇರಿನ ಸುದ್ದಿಯೇ ಇಲ್ಲ. ಹದಿನೈದು ವರ್ಷ ಕಳೆದು 1578ರಲ್ಲಿ ಪ್ರಕಟವಾದ ಇನ್ನೊಬ್ಬ ವೈದ್ಯ ಕ್ರಿಸ್ತೊವಾವ್ ದ ಕೋಸ್ತನ ಗ್ರಂಥದಲ್ಲಿ ಗೇರುಮರದ ವಿವರ ಬರುತ್ತದೆ. ಅವನು ಅದನ್ನು ಕಂಡದ್ದು ಕೊಚ್ಚಿಯ ತೋಟಗಳಲ್ಲಿ. 1583ರಿಂದ ಐದು ವರ್ಷ ಗೋವದಲ್ಲಿದ್ದ ಡಚ್ಚರ ಲಿನ್‌ಶೋಟೆನ್ 1596ರಲ್ಲಿ ಪ್ರಕಟಿಸಿದ ಪುಸ್ತಕದ ಹೊತ್ತಿಗೆ ಅನಾನಸು, ಗೇರು, ಪರಂಗಿ ಮೂರೂ ಇವೆ. ಪರಂಗಿ ಫಿಲಿಪೀನ್ಸ್ ಮತ್ತು ಮಲಕ್ಕಾ ದಾರಿಯಾಗಿ ಭಾರತಕ್ಕೆ ಬಂತು ಎಂದೂ ಅವನು ಹೇಳುತ್ತಾನೆ. ಮುಂದಿನ ಇಪ್ಪತ್ತು ವರ್ಷಗಳೊಳಗೆ ಅನಾನಸು ಆಗ್ರಾದ ಮೊಗಲ್ ತೋಟಕ್ಕೇ ತಲುಪಿದೆ. ಅಲ್ಲಿ ವರ್ಷಕ್ಕೆ ಸಾವಿರಾರು ಹಣ್ಣು ಬರುತ್ತವೆ ಎಂದು ಜಹಾಂಗೀರ್ ತನ್ನ ಆತ್ಮಕಥನದಲ್ಲಿ ಬರೆದುಕೊಂಡಿದ್ದಾನೆ.

ಗೇರಿನ ಬಗ್ಗೆ ಒಂದು ಮಾತು ಬಹಳ ಪ್ರಚಾರದಲ್ಲಿದೆ: ಕರಾವಳಿಯ ಗುಡ್ಡಗಳ ಮಣ್ಣು ಕೊಚ್ಚಿಹೋಗದಂತೆ ತಡೆಯುವುದಕ್ಕೆ ಪೋರ್ಚುಗೀಸರು ಅದನ್ನು ನೆಟ್ಟರಂತೆ. ಗುಡ್ಡದಲ್ಲಿ ಗೇರು ಚೆನ್ನಾಗಿ ಬರುತ್ತದೆ, ಮಣ್ಣನ್ನೂ ಹಿಡಿಯುತ್ತದೆ, ಹಾಗಾಗಿ ಈ ಮಾತು ಸುಲಭವಾಗಿ ನಂಬಿಕೆಗೆ ಬರುತ್ತದೆ. ಆದರೆ ಕೋಸ್ತ ಅದನ್ನು ಕಂಡದ್ದು ಗುಡ್ಡದ ಮೇಲಲ್ಲ, ಪಟ್ಟಣದ ತೋಟಗಳಲ್ಲಿ. ಅಂದರೆ ಗೇರು ನಮ್ಮ ಕರಾವಳಿಯಲ್ಲಿ ಬದುಕು ಶುರು ಮಾಡಿದ್ದು ಮನೆಯ ಬಳಿಯ ಮರವಾಗಿ. ಗುಡ್ಡ ಹತ್ತಿದ್ದು, ರಫ್ತಿನ ಬೆಳೆಯಾದದ್ದು ಬಹಳ ತಡವಾಗಿ. ಮಂಗಳೂರಿನಲ್ಲಿ ಗೇರುಬೀಜದ ಕಾರ್ಖಾನೆಗಳು ಎದ್ದದ್ದು 20ನೇ ಶತಮಾನದಲ್ಲಿ. ನಡುವಿನ ಮೂರು ಶತಮಾನಕ್ಕೂ ಮಿಕ್ಕ ಕಾಲ ಈ ಮರವನ್ನು ಸಾಕಿದವರು ಹಣ್ಣಿನ ರಸಕ್ಕೂ, ಸುಟ್ಟು ತಿನ್ನುವ ಬೀಜಕ್ಕೂ, ಬೇಸಿಗೆಯಲ್ಲಿ ಮಕ್ಕಳ ಬಾಯಿಗೂ ಅದನ್ನು ಇಟ್ಟುಕೊಂಡ ಮನೆಯವರು.

ಅಮೆರಿಕದ ಈ ಹಣ್ಣುಗಳು ಮೊದಲು ಬಂದು, ರಂಬುಟಾನ್, ಮ್ಯಾಂಗೊಸ್ಟೀನ್‌ಗಳು ಅಷ್ಟು ತಡವಾಗಿ ಬಂದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ರಾಜರ ಇಷ್ಟಾನಿಷ್ಟಗಳಲ್ಲಿಲ್ಲ, ಬೀಜದಲ್ಲಿದೆ. ಪರಂಗಿ, ಸೀಬೆ, ಸೀತಾಫಲ ಇವುಗಳ ಬೀಜ ಒಣಗಿದರೂ ಸಾಯುವುದಿಲ್ಲ. ಚೀಟಿಯಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಗೆ ಹಾಕಿದರೆ ಆರು ತಿಂಗಳ ಸಮುದ್ರಯಾನವನ್ನು ತಡೆದುಕೊಳ್ಳುತ್ತದೆ. ಗೇರುಬೀಜಕ್ಕೆ ಗಟ್ಟಿ ಸಿಪ್ಪೆಯ ಕವಚವಿದೆ. ಅನಾನಸಿನ ನೆತ್ತಿಯ ಎಲೆಗೊಂಚಲನ್ನು ಕತ್ತರಿಸಿ ಹಡಗಿನ ಯಾವುದೋ ಮೂಲೆಯಲ್ಲಿ ಎಸೆದರೂ ವಾರಗಟ್ಟಲೆ ಜೀವ ಹಿಡಿದಿರುತ್ತದೆ. ಇಂಥವನ್ನು ತರುವುದಕ್ಕೆ ವಿದ್ವಾಂಸ ಬೇಡ, ಹಡಗಿನ ಅಡುಗೆಯವನು ಸಾಕು, ಪಾದ್ರಿ ಸಾಕು, ಸಿಪಾಯಿ ಸಾಕು. ರಂಬುಟಾನ್, ಮ್ಯಾಂಗೊಸ್ಟೀನ್‌ಗಳ ಬೀಜ ಹಾಗಲ್ಲ. ಹಣ್ಣಿನಿಂದ ತೆಗೆದ ಕೆಲವೇ ದಿನಗಳಲ್ಲಿ ನೆಲಕ್ಕೆ ಬೀಳದಿದ್ದರೆ, ತೇವ ಆರಿತೆಂದರೆ, ಮುಗಿಯಿತು. ಇವು ದೂರ ಪಯಣಿಸಬೇಕಾದರೆ ಗಿಡವಾಗಿಯೇ, ಜೀವಂತವಾಗಿಯೇ ಬರಬೇಕು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1830ರ ದಶಕದಲ್ಲಿ ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಗಿಡಗಳನ್ನು ಸಾಗರ ದಾಟಿಸಬಹುದೆಂದು ತೋರಿಸಿಕೊಟ್ಟ ಮೇಲೆ ಸಸ್ಯೋದ್ಯಾನಗಳ ನಡುವೆ ಗಿಡಗಳ ಸಾಗಣೆ ಹೆಚ್ಚಿತು. ನೀಲಗಿರಿಯ ತಪ್ಪಲಿನ ಬರ್ಲಿಯಾರಿನ ಸರ್ಕಾರಿ ತೋಟದಲ್ಲಿ ಮ್ಯಾಂಗೊಸ್ಟೀನ್ ನೆಲೆಯೂರಿದ್ದು 19ನೇ ಶತಮಾನದಲ್ಲಿ. ಅಲ್ಲಿಂದ ಅದು ಕರ್ನಾಟಕದ ಹಿತ್ತಲುಗಳಿಗೆ ಬರಲು ಮತ್ತೆ ಬಹುಕಾಲ ಹಿಡಿಯಿತು. ಬೀಜದಿಂದ ಬಂದ ಮ್ಯಾಂಗೊಸ್ಟೀನ್ ಹಣ್ಣು ಬಿಡುವುದಕ್ಕೆ ಎಂಟು ಹತ್ತು ವರ್ಷ, ಒಮ್ಮೊಮ್ಮೆ ಇನ್ನೂ ಹೆಚ್ಚು ಬೇಕು. ಫಸಲನ್ನು ನಂಬಿ ಬದುಕುವ ರೈತ ಅಷ್ಟು ವರ್ಷ ಹೊಲವನ್ನು ಖಾಲಿ ಬಿಟ್ಟು ಕಾಯಲಾರ. ಒಂದು ಮೂಲೆಯಲ್ಲಿ ಒಂದೇ ಗಿಡ ನೆಟ್ಟ ಮನೆ ಕಾಯಬಲ್ಲದು.

ಹಿತ್ತಲಿಗೆ ಇನ್ನೊಂದು ಅನುಕೂಲವಿತ್ತು, ಅದನ್ನು ನಮ್ಮ ಕೃಷಿಚರಿತ್ರೆ ಸಾಕಷ್ಟು ಗಮನಿಸಿಲ್ಲ. ಮಳೆಕಾಡಿನ ಈ ಮರಗಳಿಗೆ ನಮ್ಮಲ್ಲಿ ಶತ್ರುವೆಂದರೆ ಡಿಸೆಂಬರಿನಿಂದ ಮೇ ತನಕದ ಒಣಗಾಲ. ಕರಾವಳಿ ಮಲೆನಾಡುಗಳಲ್ಲಿ ಮಳೆ ಎಷ್ಟು ಸುರಿದರೂ ಅದು ನಾಲ್ಕೈದು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಕೊಳವೆಬಾವಿ, ಪಂಪು ಬರುವ ಮೊದಲು ಗುಡ್ಡಕ್ಕೆ ಬೇಸಿಗೆಯಲ್ಲಿ ನೀರಿರಲಿಲ್ಲ. ವರ್ಷವಿಡೀ ತಪ್ಪದೆ ನೀರು ಬೀಳುತ್ತಿದ್ದ ಜಾಗ ಮನೆಯ ಬಚ್ಚಲ ಹಿಂದಿನ ನೆಲ. ಮೀಯುವ ನೀರು, ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಒಲೆಯ ಬೂದಿ, ಹಟ್ಟಿಯ ಸಗಣಿ, ಗುಡಿಸಿ ಹಾಕಿದ ತರಗೆಲೆ ಎಲ್ಲ ಅಲ್ಲಿಗೇ ಸೇರುತ್ತಿತ್ತು. ಬಾಳೆ, ಕೆಸು, ಬಸಳೆಗಳ ಜೊತೆಗೆ ಯಾರೋ ಕೊಟ್ಟ ಹೊಸ ಗಿಡಕ್ಕೂ ಅಲ್ಲೇ ಒಂದು ಪಾತಿ. ನೆರಳು, ತೇವ, ಗೊಬ್ಬರ, ದಿನಕ್ಕೆ ನಾಲ್ಕು ಬಾರಿ ಕಣ್ಣು ಹಾಯಿಸುವ ಹೆಂಗಸರು ಇದ್ದ ಈ ತುಂಡು ನೆಲದಲ್ಲಿ ನಡೆದಷ್ಟು ಸಸ್ಯಪರೀಕ್ಷೆ ಯಾವ ಸರ್ಕಾರಿ ತೋಟದಲ್ಲೂ ನಡೆದಿರಲಾರದು. ಸತ್ತದ್ದು ಸತ್ತಿತು, ಉಳಿದದ್ದು ನಾದಿನಿಯ ಮನೆಗೂ, ಮಗಳ ಗಂಡನ ಮನೆಗೂ ಹೋಯಿತು.

ಹೀಗೆ ಹೇಳುವುದಕ್ಕೆ ಆಧಾರವೇನು, ಹಿತ್ತಲು ಯಾವ ಕಡತವನ್ನೂ ಬಿಟ್ಟುಹೋಗಿಲ್ಲವಲ್ಲ ಎಂದು ಕೇಳಬಹುದು. ಆಧಾರ ಮರಗಳಲ್ಲೇ ಇದೆ. ಬಿಂಬುಳಿಯನ್ನು ನೋಡಿ. ಆಗ್ನೇಯ ಏಷ್ಯಾದ ಈ ಮರ ಮಂಗಳೂರು, ಉಡುಪಿ ಸೀಮೆಯ ಹಿತ್ತಲುಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಅದು ಹೊರಗಿನದೆಂದು ಯಾರಿಗೂ ಹೊಳೆಯುವುದಿಲ್ಲ. ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಡುವ ಹಸಿರು ಕಾಯಿ ಹುಣಸೆಯ ಬದಲಿಗೆ ಮೀನಿನ ಸಾರಿಗೂ, ಉಪ್ಪಿನಕಾಯಿಗೂ, ಗೊಜ್ಜಿಗೂ ಒದಗುತ್ತದೆ. ಆದರೆ ಅದರ ಸಿಪ್ಪೆ ಬಹಳ ತೆಳು. ಕೊಯ್ದ ಎರಡು ಮೂರು ದಿನಕ್ಕೆ ಮೆತ್ತಗಾಗಿ ಹಳದಿ ತಿರುಗುತ್ತದೆ, ಲಾರಿಯ ಪ್ರಯಾಣ ತಡೆಯುವುದಿಲ್ಲ. ದೊಡ್ಡ ಮಾರುಕಟ್ಟೆ ಅದಕ್ಕೆ ಯಾವತ್ತೂ ಇರಲಿಲ್ಲ. ಮಾರುಕಟ್ಟೆಯಿಲ್ಲದ ಮರವನ್ನು ಯಾವ ವ್ಯಾಪಾರಿಯೂ ಹರಡುವುದಿಲ್ಲ, ಯಾವ ಯೋಜನೆಯೂ ಅದಕ್ಕೆ ಸಹಾಯಧನ ಕೊಡುವುದಿಲ್ಲ. ಆದರೂ ಅದು ಕರಾವಳಿಯುದ್ದಕ್ಕೂ ಮನೆಮನೆಯಲ್ಲಿದೆ ಎಂದಾದರೆ ಹರಡಿದ್ದು ಕೈಯಿಂದ ಕೈಗೆ ಎಂದಲ್ಲದೆ ಬೇರೆ ವಿವರಣೆ ಸಾಧ್ಯವಿಲ್ಲ.

ಜೀಗುಜ್ಜೆ, ಅಂದರೆ ದೀವಿಹಲಸು, ಇದಕ್ಕಿಂತ ಬಲವಾದ ಸಾಕ್ಷಿ. ನಮ್ಮಲ್ಲಿ ಬೆಳೆಯುವ ಜೀಗುಜ್ಜೆಗೆ ಬೀಜವಿಲ್ಲ. ಅದರ ಬೇರು ನೆಲದ ಮೇಲ್ಪದರದಲ್ಲೇ ದೂರ ಹರಿಯುತ್ತದೆ. ಹಾರೆಯೋ ಗುದ್ದಲಿಯೋ ತಗಲಿ ಬೇರು ಗಾಯಗೊಂಡ ಜಾಗದಲ್ಲಿ ಮೊಳಕೆಯೊಡೆದು ಮರಿಯೇಳುತ್ತದೆ. ಮರಿ ಮೊಣಕಾಲುದ್ದ ಆದಾಗ ಆಚೀಚೆ ಬೇರನ್ನು ಕಡಿದು, ಮಣ್ಣು ಉದುರದಂತೆ ಎಬ್ಬಿಸಿ, ಮುಂಗಾರು ಹಿಡಿದ ಮೇಲೆ ಬೇರೆಡೆ ನೆಡಬೇಕು. ಕಸಿ, ಗೂಟಿ ಕಟ್ಟುವ ವಿದ್ಯೆ ನರ್ಸರಿಗಳಲ್ಲಿ ಬಳಕೆಗೆ ಬರುವ ತನಕ ಇದೊಂದೇ ದಾರಿಯಿತ್ತು. ಬೀಜವಿಲ್ಲದ ಮರವನ್ನು ಹಕ್ಕಿ ಹರಡಲಾರದು, ನೀರು ಒಯ್ಯಲಾರದು. ಆದ್ದರಿಂದ ದಕ್ಷಿಣ ಕನ್ನಡದ ಒಂದೊಂದು ಹಳೆಯ ಜೀಗುಜ್ಜೆ ಮರದ ಹಿಂದೆಯೂ ಮರಿ ಕೇಳಿದ ಒಬ್ಬರು, ಅಗೆದು ಕೊಟ್ಟ ಒಬ್ಬರು ಇದ್ದೇ ಇದ್ದಾರೆ. ಇದನ್ನು ಇದೇ ಹಣ್ಣಿನ ಇನ್ನೊಂದು ಕಥೆಯ ಪಕ್ಕದಲ್ಲಿಟ್ಟು ನೋಡಬೇಕು. ವೆಸ್ಟ್ ಇಂಡೀಸಿನ ಗುಲಾಮರಿಗೆ ಅಗ್ಗದ ಆಹಾರವಾದೀತೆಂದು ಬ್ರಿಟಿಷ್ ಸರ್ಕಾರ ತಾಹಿತಿಯಿಂದ ಜೀಗುಜ್ಜೆ ಗಿಡ ತರಲು ಕ್ಯಾಪ್ಟನ್ ಬ್ಲೈಯನ್ನು ಬೌಂಟಿ ಎಂಬ ಹಡಗಿನಲ್ಲಿ ಕಳಿಸಿತು. 1789ರಲ್ಲಿ ನಾವಿಕರು ದಂಗೆಯೆದ್ದು ಗಿಡಗಳನ್ನು ಸಮುದ್ರಕ್ಕೆಸೆದರು. ಎರಡನೆಯ ಬಾರಿ ಹಡಗು ಕಳಿಸಿ 1793ರಲ್ಲಿ ಗಿಡಗಳನ್ನು ಜಮೈಕಕ್ಕೆ ಮುಟ್ಟಿಸಿದ್ದಾಯಿತು. ಇಷ್ಟಾಗಿ, ಯಾರ ಹೊಟ್ಟೆಗೆಂದು ತಂದರೋ ಆ ಜನ ಅದನ್ನು ಮೊದಲು ಮೆಚ್ಚಲಿಲ್ಲ. ನಮ್ಮ ಕರಾವಳಿಗೆ ಬಂದ ಜೀಗುಜ್ಜೆಗೆ ಕ್ಯಾಪ್ಟನ್ ಇಲ್ಲ, ದಂಗೆಯಿಲ್ಲ, ಪುಸ್ತಕವಿಲ್ಲ, ಸಿನಿಮಾ ಇಲ್ಲ. ಇಲ್ಲಿ ಉಳಿದದ್ದು ಆಟಿ ತಿಂಗಳ ಮಳೆಯಲ್ಲಿ ಮಾಡುವ ಜೀಗುಜ್ಜೆ ಪೋಡಿ, ಪಲ್ಯ, ಸಾಂಬಾರು. ಗಿಡವನ್ನು ನೆಲೆಗೊಳಿಸುವ ಶಕ್ತಿ ಯಾರಿಗಿತ್ತು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ರುಜುವಾತು ಬೇಕಿಲ್ಲ ಎಂದು ನನಗನ್ನಿಸುತ್ತದೆ.

ಲಾಲ್‌ಬಾಗನ್ನು ಮರೆತು ಹೀಗೆ ಮಾತಾಡುವುದು ಅನ್ಯಾಯವಲ್ಲವೇ ಎಂಬ ಆಕ್ಷೇಪ ಬರುವುದು ಸಹಜ. ಬರಬೇಕಾದ್ದೇ. 1760ರಲ್ಲಿ ಹೈದರಾಲಿ ಶುರು ಮಾಡಿದ ಆ ತೋಟಕ್ಕೆ ಟಿಪ್ಪು ಕಾಬೂಲ್, ಪರ್ಷಿಯಾ, ಮಾರಿಷಸ್‌ಗಳಿಂದ ಗಿಡ, ಬೀಜ ತರಿಸಿದ. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಅದನ್ನು ನೋಡಿ ವಿವರವಾಗಿ ಬರೆದಿದ್ದಾನೆ. ಚೌಕಚೌಕದ ತಾಕುಗಳು, ಅವುಗಳ ನಡುವಿನ ಹಾದಿಯ ಎರಡೂ ಬದಿಗೆ ಸೈಪ್ರೆಸ್ ಮರಗಳು, ಒಂದು ತಾಕಿನಲ್ಲಿ ಗುಲಾಬಿ ಮಾತ್ರ, ಇನ್ನೊಂದರಲ್ಲಿ ದಾಳಿಂಬೆ ಮಾತ್ರ. ಸೇಬು, ಪೀಚ್, ದ್ರಾಕ್ಷಿ ಇಲ್ಲಿ ಚೆನ್ನಾಗಿ ಫಲ ಕೊಡುತ್ತವೆಂದೂ ಅವನು ಹೇಳುತ್ತಾನೆ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಎರಡು ವರ್ಷದಲ್ಲಿ ಇಂಗ್ಲೆಂಡಿನ ಕ್ಯೂ ತೋಟದಿಂದ ವಿಲಿಯಂ ನ್ಯೂ ಬಂದ. 1874ರಿಂದ 1908ರವರೆಗೆ ಜಾನ್ ಕ್ಯಾಮರಾನ್, ಆಮೇಲೆ ಜರ್ಮನಿಯ ಕ್ರುಂಬಿಗಲ್, ಆಮೇಲೆ ನಮ್ಮವರೇ ಆದ ಎಚ್. ಸಿ. ಜವರಾಯ, ಎಂ. ಎಚ್. ಮರಿಗೌಡರು ಆ ಪರಂಪರೆಯನ್ನು ಮುಂದುವರಿಸಿದರು. ಕ್ರುಂಬಿಗಲ್ ಕಾಲದಲ್ಲಿ, 1912ರಲ್ಲಿ, ಮೈಸೂರು ಉದ್ಯಾನಕಲಾ ಸಂಘ ಹುಟ್ಟಿತು. 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯೇ ಬಂದು, ಮರಿಗೌಡರು ರಾಜ್ಯದುದ್ದಕ್ಕೂ ನೂರಾರು ತೋಟ, ನರ್ಸರಿಗಳನ್ನು ಎಬ್ಬಿಸಿದರು. ಇಷ್ಟು ದೊಡ್ಡ ಕೆಲಸವನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ.

ಆದರೆ ಲಾಲ್‌ಬಾಗಿನ ಚರಿತ್ರೆಯನ್ನೇ ಹತ್ತಿರದಿಂದ ನೋಡಿದರೆ ನನ್ನ ವಾದಕ್ಕೇ ಬಲ ಬರುತ್ತದೆ. ಅಲ್ಲಿಗೆ ಬಂದ ಗಿಡಗಳಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತು? ಬುಕಾನನ್ ಮೆಚ್ಚಿದ, ಕ್ಯಾಮರಾನ್ ಕಾಲದಲ್ಲಿ ಮತ್ತೆ ಪ್ರೋತ್ಸಾಹ ಪಡೆದ ಸೇಬು ಬೆಂಗಳೂರಿನ ಸುತ್ತ ಒಂದಷ್ಟು ಕಾಲ ತೋಟದ ಬೆಳೆಯಾಗಿಯೇ ಇತ್ತು. ಈಗ ಅದರ ಗುರುತಿಲ್ಲ. ಚಳಿ ಸಾಲದ ಊರಿನಲ್ಲಿ ಸೇಬಿಗೆ ಮಾಲಿಯ ನಿರಂತರ ಉಪಚಾರ ಬೇಕು. ಅಷ್ಟು ಉಪಚಾರ ಮನೆಗಳಿಂದ ಆಗಲಿಲ್ಲ. ಅದೇ ಕ್ಯಾಮರಾನ್ ತಂದನೆಂದು ಹೇಳುವ ಸೀಮೆಬದನೆಯನ್ನು ನೋಡಿ. ಕಾಯಿಯನ್ನೇ ಮಣ್ಣಿಗಿಟ್ಟರೆ ಮೊಳೆಯುತ್ತದೆ, ಒಂದು ಚಪ್ಪರ ಹಾಕಿಕೊಟ್ಟರೆ ಹಬ್ಬಿಕೊಳ್ಳುತ್ತದೆ. ಬೆಂಗಳೂರಿನ ಮನೆಮನೆಯ ಹಿತ್ತಲಿಗೆ ಇಳಿದು, ಅಲ್ಲಿಂದ ದಕ್ಷಿಣ ಭಾರತದ ಅಡುಗೆಮನೆಗಳಿಗೆಲ್ಲ ಹೋಯಿತು. ಎರಡೂ ಒಂದೇ ತೋಟದಿಂದ ಹೊರಟವು, ಎರಡಕ್ಕೂ ಒಂದೇ ಅಧಿಕಾರಿಯ ಆಸಕ್ತಿಯ ಬೆಂಬಲವಿತ್ತು. ಒಂದನ್ನು ಹಿತ್ತಲು ಒಪ್ಪಿಕೊಂಡಿತು, ಇನ್ನೊಂದನ್ನು ಒಪ್ಪಲಿಲ್ಲ. ಸಸ್ಯೋದ್ಯಾನ ಗಿಡವನ್ನು ಊರ ಬಾಗಿಲ ತನಕ ತರಬಲ್ಲದು, ಒಳಗೆ ಕರೆಯುವ ಹಕ್ಕು ಮನೆಯವರದು.

ದೇವನಹಳ್ಳಿಯ ಚಕ್ಕೋತ ಇದರ ಇನ್ನೊಂದು ಮುಖ. ಆಗ್ನೇಯ ಏಷ್ಯಾ ಮೂಲದ ಈ ಹಣ್ಣು ದೇವನಹಳ್ಳಿಯ ಸುತ್ತಿನ ಹಳ್ಳಿಗಳಲ್ಲಿ ಎಷ್ಟು ನೆಲೆಯಾಯಿತೆಂದರೆ ಬೇರೆಡೆ ಸಾಮಾನ್ಯವಾಗಿ ಕಾಣುವ ಕಹಿ ಒಗರು ಇಲ್ಲಿಯದರಲ್ಲಿ ಕಡಿಮೆ. ಆ ಊರಿನ ಹೆಸರಿನಲ್ಲೇ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಚಕ್ಕೋತದ ಬೀಜದಿಂದ ಹುಟ್ಟುವ ಗಿಡ ತಾಯಿಮರದ ತದ್ರೂಪಾಗಿರುವುದಿಲ್ಲ, ಒಂದು ಸಿಹಿ, ಒಂದು ಹುಳಿ, ಒಂದು ಕಹಿ. ಹಾಗಿರುವಾಗ ಒಂದು ಸೀಮೆಯ ಹಣ್ಣು ಸಿಹಿಯೆಂದು ಹೆಸರಾಗಬೇಕಾದರೆ ತಲೆಮಾರುಗಳ ಕಾಲ ಜನ ಒಳ್ಳೆಯ ಮರವನ್ನು ಆರಿಸಿ ಬೆಳೆಸಿರಬೇಕು, ಕೆಟ್ಟದ್ದನ್ನು ಕಡಿದಿರಬೇಕು. ತಳಿ ಅಭಿವೃದ್ಧಿ ಎಂದು ಸಂಶೋಧನಾ ಕೇಂದ್ರಗಳಲ್ಲಿ ಕರೆಯುವ ಕೆಲಸ ಇದೇ. 2008ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಆ ಸೀಮೆಯಲ್ಲಿ ತೆರೆದು ನೆಲಕ್ಕೆ ಚಿನ್ನದ ಬೆಲೆ ಬಂದ ಮೇಲೆ ಚಕ್ಕೋತದ ಮರಗಳು ವೇಗವಾಗಿ ಕಡಿಮೆಯಾದವು. ಹಿತ್ತಲು ಹೋದರೆ ತಳಿ ಹೋಗುತ್ತದೆ.

ಇಲ್ಲಿ ಬೇರೊಂದು ಬಗೆಯ ಆಕ್ಷೇಪವನ್ನೂ ಎದುರಿಸಬೇಕು. ಸೀತಾಫಲ, ರಾಮಫಲಗಳು ಪರದೇಶದವೆಂದರೆ ಹಲವರು ಒಪ್ಪುವುದಿಲ್ಲ, ರಾಮಾಯಣದ ಹೆಸರು ಹೊತ್ತ ಹಣ್ಣು ಹೊರಗಿನದಾಗುವುದು ಹೇಗೆ ಎನ್ನುತ್ತಾರೆ. ಈ ಪಕ್ಷಕ್ಕೆ ವಿದ್ವಾಂಸರ ಬೆಂಬಲವೂ ಇತ್ತು. ಪುರಾತತ್ತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಪ್ರಾಚೀನ ಭಾರಹುತ್ ಸ್ತೂಪದ ಶಿಲ್ಪಗಳಲ್ಲಿ ಸೀತಾಫಲವನ್ನು ಗುರುತಿಸಿದ್ದ. ಆದರೆ ಕಲ್ಲಿನಲ್ಲಿ ಕಡೆದ ಗುಬುಟುಗುಬುಟಿನ ಹಣ್ಣು ಹಲಸೂ ಆಗಬಹುದು, ಕಮಲದ ಮೊಗ್ಗೂ ಆಗಬಹುದು, ಅಲಂಕಾರವೂ ಆಗಬಹುದು. ಸಸ್ಯದ ಮೂಲವನ್ನು ನಿರ್ಧರಿಸುವುದು ಅದರ ಕಾಡುಬಂಧುಗಳು ಎಲ್ಲಿವೆ ಎಂಬುದರಿಂದ. ಸೀತಾಫಲದ ಹತ್ತಿರದ ಕಾಡುಬಂಧುಗಳು ಇರುವುದು ಉಷ್ಣವಲಯದ ಅಮೆರಿಕದಲ್ಲಿ, ಭಾರತದಲ್ಲಿಲ್ಲ. ಹೊಸ ಹಣ್ಣಿಗೆ ಜನ ತಮಗೆ ಅತಿ ಪ್ರಿಯವಾದ ಹೆಸರನ್ನು ಕೊಟ್ಟರು, ಅಷ್ಟೇ. ಇದರಿಂದ ಸೀತಾಫಲದ ಗೌರವ ತಗ್ಗುವುದೂ ಇಲ್ಲ. ನಾಲ್ಕು ಶತಮಾನಗಳಲ್ಲಿ ಅದು ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಮರವಾಗಿದೆ, ಬರಗಾಲದಲ್ಲಿ ಬಡವರ ಕೈಗೆಟುಕುವ ಹಣ್ಣಾಗಿದೆ.

ಹಾಗಾದರೆ ಇವತ್ತಿನ ಅಪರೂಪದ ಗಿಡಗಳ ಆಸಕ್ತಿ ಹಳೆಯದರ ಮುಂದುವರಿಕೆ ಮಾತ್ರವೇ? ಬಹುಪಾಲು ಹೌದು. ಬೆಣ್ಣೆಹಣ್ಣು 20ನೇ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತದ ಬೆಟ್ಟಸೀಮೆಗಳಿಗೆ ಬಂದು, ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿನ ಮರಗಳ ನಡುವೆ, ಕಾರ್ಮಿಕರ ಲೈನ್‌ಮನೆಗಳ ಹಿಂದೆ ದಶಕಗಳ ಕಾಲ ಯಾರ ಗಮನಕ್ಕೂ ಬೀಳದೆ ಬೆಳೆಯಿತು. ಪೇಟೆಯಲ್ಲಿ ಬೇಡಿಕೆ ಹುಟ್ಟಿದಾಗ ಫಲ ಕೊಡಲು ಸಿದ್ಧವಾಗಿದ್ದದ್ದು ಆ ಹಳೆಯ ಬೀಜದ ಮರಗಳೇ. ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಬೆಣ್ಣೆಹಣ್ಣಿನಲ್ಲಿ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ತಳಿಗಳನ್ನೂ, ರಂಬುಟಾನಿನಲ್ಲಿ ಅರ್ಕಾ ಕೂರ್ಗ್ ಅರುಣ್, ಅರ್ಕಾ ಕೂರ್ಗ್ ಪಟಿಬ್ ತಳಿಗಳನ್ನೂ ಹೊರತಂದಿದೆ. ರಂಬುಟಾನಿನ ವಿಚಾರದಲ್ಲಿ ಕಸಿ ಗಿಡದಿಂದ ಆದ ವ್ಯತ್ಯಾಸ ದೊಡ್ಡದು. ಬೀಜದ ಗಿಡಗಳಲ್ಲಿ ಹೂ ಮಾತ್ರ ಬಿಟ್ಟು ಹಣ್ಣಾಗದ ಗಂಡುಮರಗಳೇ ಬಹಳ. ಐದಾರು ವರ್ಷ ಸಾಕಿದ ಮೇಲೆ ಅದು ಗಂಡೆಂದು ತಿಳಿದರೆ ಮನೆಯವರ ಉತ್ಸಾಹ ಅಲ್ಲಿಗೇ ಮುಗಿಯುತ್ತಿತ್ತು. ಇನ್ನು ಮಾಹಿತಿಯ ದಾರಿ. 1988ರಿಂದ ಪುತ್ತೂರಿನಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟು, ಒಬ್ಬರ ಹಿತ್ತಲಿನ ಅನುಭವ ಇನ್ನೊಂದು ತಾಲೂಕಿಗೆ ತಲುಪುವಂತೆ ಮಾಡಿತು. ನೆಂಟಸ್ತಿಕೆಯ ಮೂಲಕ ಹರಿಯುತ್ತಿದ್ದ ತಿಳಿವಳಿಕೆಗೆ ಅಚ್ಚಿನ ದಾರಿ ಸಿಕ್ಕಿತು.

ಈಗ ಆರಂಭದಲ್ಲಿ ಬದಿಗಿಟ್ಟ ಎರಡನೆಯ ಮಾತಿಗೆ ಬರುತ್ತೇನೆ. ಹೊರಗಿನ ಹಣ್ಣು ಬಂದು ನಮ್ಮದು ಮೂಲೆಗೆ ಸೇರುತ್ತದೆ ಎಂಬ ಆತಂಕ ಪ್ರಾಮಾಣಿಕವಾದದ್ದು. ಮುರುಗಲು, ಉಪ್ಪಾಗೆ, ಕಾಡುಮಾವು, ಬಗೆಬಗೆಯ ನೇರಳೆ ಕಡಿಮೆಯಾಗುತ್ತಿರುವುದೂ ನಿಜ. ಆದರೆ ಕಾರಣ ತಪ್ಪು ಕಡೆ ಹುಡುಕಬಾರದು. ಕಾಡುಮಾವನ್ನು ಕಡಿಸಿದ್ದು ರಂಬುಟಾನ್ ಅಲ್ಲ. ಗುಡ್ಡಗುಡ್ಡಕ್ಕೆ ಹಬ್ಬಿದ ಒಂದೇ ಬೆಳೆಯ ತೋಟ, ರಬ್ಬರು, ರಸ್ತೆಯ ಅಗಲೀಕರಣ, ಮರದ ವ್ಯಾಪಾರ ಕಡಿಸಿದವು. ಸ್ಥಳೀಯ ಹಣ್ಣನ್ನು ಉಳಿಸಿದವರಲ್ಲಿಯೂ ಹಿತ್ತಲಿನವರೇ ಮುಂದು. ಶಿರಸಿ, ಸಾಗರದ ಕಡೆಯ ಅಪ್ಪೆಮಿಡಿ ತಳಿಗಳು ಹೊಳೆದಂಡೆಯಿಂದ ಮನೆಯಂಗಳಕ್ಕೆ ಕಸಿಯಾಗಿ ಬಂದು ಉಳಿದಿವೆ. ತಾಮ್ರವರ್ಣದ ತೊಳೆಯ ‘ಸಿದ್ದು’ ಹಲಸು ತುಮಕೂರು ಜಿಲ್ಲೆಯ ಚೇಳೂರಿನ ಒಂದು ಕುಟುಂಬದ ಜಮೀನಿನಲ್ಲಿ ಉಳಿದಿದ್ದ ಒಂದೇ ಮರ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 2017ರಲ್ಲಿ ಆ ಕುಟುಂಬದೊಂದಿಗೆ ಒಪ್ಪಂದ ಮಾಡಿಕೊಂಡ ಮೇಲೆ ಅದರ ಕಸಿ ಗಿಡಗಳು ರಾಜ್ಯದಾಚೆಗೂ ಹೋದವು. ಹಣ್ಣಿನ ಬಗೆಗಳ ಮೇಲೆ ಕುತೂಹಲವಿರುವ ಮನುಷ್ಯ ಪರದೇಶದ ಗಿಡದ ಪಕ್ಕದಲ್ಲೇ ಊರಿನ ಹಲಸಿನ ಕಸಿಯನ್ನೂ ನೆಡುತ್ತಾನೆ. ಎರಡಕ್ಕೂ ಬೇಕಾದ ಮನಸ್ಸು ಒಂದೇ.

ಆದರೂ ಒಂದು ಅಪಾಯವನ್ನು ಒಪ್ಪಿಕೊಳ್ಳಲೇಬೇಕು, ಅದರಲ್ಲಿ ರಾಜಿಯಿಲ್ಲ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ಕಾಡಿನ ನೆಲವನ್ನು ಆವರಿಸಿರುವ ಲಂಟಾನ 19ನೇ ಶತಮಾನದ ಆರಂಭದಲ್ಲಿ ಅಂದದ ಹೂಗಿಡವಾಗಿ ಭಾರತದ ತೋಟಗಳಿಗೆ ಬಂದದ್ದು. ಗಿಡದ ಜೊತೆಗೆ ಕೀಟ, ರೋಗವೂ ಬರುತ್ತವೆ. ಮಧ್ಯ ಅಮೆರಿಕ ಮೂಲದ ಪರಂಗಿಯ ಬಿಳಿಹಿಟ್ಟುತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಕರ್ನಾಟಕಕ್ಕೂ ಹರಡಿ, ಪರಂಗಿಯನ್ನಷ್ಟೇ ಅಲ್ಲದೆ ಹಿಪ್ಪುನೇರಳೆಯನ್ನೂ ತಿಂದಿತು. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆ ಪೋರ್ಟೊರಿಕೊದಿಂದ ಪರತಂತ್ರ ಕಣಜಗಳನ್ನು ತರಿಸಿ ಬಿಟ್ಟ ಮೇಲೆ ಹಾವಳಿ ಇಳಿಯಿತು. ಹಿಂದಿನವರು ಚೀಟಿಯಲ್ಲಿ ಕಟ್ಟಿ ತಂದ ಒಣಬೀಜಕ್ಕೂ, ಇವತ್ತು ವಿಮಾನದ ಸೂಟ್‌ಕೇಸಿನಲ್ಲಿ ಬಚ್ಚಿಟ್ಟು ತರುವ ಹಸಿ ಕಡ್ಡಿ, ಬೇರುಗಳಿಗೂ ವ್ಯತ್ಯಾಸ ಇಲ್ಲೇ ಇದೆ. ತಿಂಗಳುಗಟ್ಟಲೆಯ ಸಮುದ್ರಯಾನ ಸಾಯಿಸುತ್ತಿದ್ದ ಕೀಟ ಹತ್ತು ಗಂಟೆಯ ವಿಮಾನಯಾನದಲ್ಲಿ ಸಾಯುವುದಿಲ್ಲ. 2003ರ ಸಸ್ಯ ದಿಗ್ಬಂಧನ ಆದೇಶದ ಪ್ರಕಾರ ಪರವಾನಗಿಯೂ ತಪಾಸಣೆಯೂ ಇಲ್ಲದೆ ಗಿಡ ತರುವುದು ಕಾನೂನಿಗೆ ವಿರುದ್ಧ. ಹಿತ್ತಲಿನ ಪರಂಪರೆಯ ಹೆಸರು ಹೇಳಿ ಇದನ್ನು ಸಮರ್ಥಿಸಿಕೊಳ್ಳುವುದು ಸಲ್ಲದು. ಬೇಕಾದ ಗಿಡಗಳ ಕಸಿ ಈಗ ಇಲ್ಲಿಯ ನಂಬಿಕಸ್ತ ನರ್ಸರಿಗಳಲ್ಲೇ ಸಿಗುವಾಗ ಅದರ ಅಗತ್ಯವೂ ಇಲ್ಲ.

ಹಿತ್ತಲಿನ ಈ ಚರಿತ್ರೆಯನ್ನು ಮರಗಳಿಂದ ಊಹಿಸಬೇಕಾಗಿ ಬಂದದ್ದಕ್ಕೆ ಕಾರಣವೊಂದೇ: ನೆಟ್ಟವರು ಬರೆದಿಡಲಿಲ್ಲ. ಕ್ಯಾಮರಾನ್ ಲಾಲ್‌ಬಾಗಿನ ಗಿಡಗಳ ಪಟ್ಟಿಯನ್ನು ಅಚ್ಚು ಹಾಕಿಸಿದ. ಬಂಟ್ವಾಳದ ಒಂದು ಮನೆಗೆ ಮೊದಲ ಜೀಗುಜ್ಜೆ ಮರಿ ಯಾರ ಮನೆಯಿಂದ ಬಂತು ಎಂಬುದಕ್ಕೆ ಒಂದು ಸಾಲಿನ ದಾಖಲೆಯೂ ಇಲ್ಲ, ಹೇಳಬಲ್ಲ ಹಿರಿಯರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಿಮ್ಮ ಮನೆಯಲ್ಲಿ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ಹಿತ್ತಲಿನ ಒಂದೊಂದು ಹಳೆಯ ಮರವೂ ಎಲ್ಲಿಂದ, ಯಾರ ಕೈಯಿಂದ ಬಂತೆಂದು ಈ ವರ್ಷವೇ ಕೇಳಿ ಬರೆದುಕೊಳ್ಳಿ. ಹೊಸ ಗಿಡ ನೆಟ್ಟರೆ ಅದರ ತಳಿ, ತಂದ ಜಾಗ, ನೆಟ್ಟ ತಾರೀಖು, ಮೊದಲ ಹೂ ಬಿಟ್ಟ ತಿಂಗಳು ಇಷ್ಟನ್ನು ಮನೆಯ ಯಾವುದಾದರೂ ನೋಟ್‌ಬುಕ್ಕಿನಲ್ಲಿ ದಾಖಲಿಸಿಡಿ.